ಟೆರೇಸಿನ ಮೇಲೊಂದು ಮಾತಿನ ಡಬ್ಬಿ

ಹೊಸ ಯಂತ್ರ ಕಂಡರೆ ಕೈ ಸುಮ್ಮನಿರದ ನನ್ನಂಥವನು ಫಜೀತಿ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ವಿಳಾಸ ಕೇಳಿಕೊಂಡು ಬರುತ್ತದೆ. ಈಚಿನ ಫಜೀತಿಗಳೆಲ್ಲ ಬಂದದ್ದು ಅಂಗೈಯಗಲದ ರೇಡಿಯೊ ಡಬ್ಬಿಯಿಂದ. ಫೋನಿನಲ್ಲಿ ಬರೆದದ್ದನ್ನು ಅದು ಗಾಳಿಗೆ ಬಿಡುತ್ತದೆ. ಸುತ್ತಲಿನ ಇಂಥದೇ ಡಬ್ಬಿಗಳು ಹಿಡಿದು ಮುಂದಕ್ಕೆ ದಾಟಿಸುತ್ತವೆ. ಸಿಮ್ಮೂ ಬೇಡ, ಇಂಟರ್ನೆಟ್ಟೂ ಬೇಡ. ಟವರ್ ಕೆಟ್ಟು ಕೂತರೂ ಮಾತು ಮುಟ್ಟುತ್ತದೆ ಎಂದು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

೧. ಮುಟ್ಟಿತೇ?

ಒಂದು ಡಬ್ಬಿ ನಾಚಾರಂನ ನಮ್ಮ ಕಾರ್ಖಾನೆಯಲ್ಲಿ ನನ್ನ ಹತ್ತಿರ, ಇನ್ನೊಂದು ತಾರ್ನಾಕದ ಮನೆಯಲ್ಲಿ ಹೆಂಡತಿಯ ಹತ್ತಿರ. ಮೊದಲ ದಿನ "ಊಟ ಆತೇನು?" ಎಂದು ಕಳಿಸಿ, ಮುಟ್ಟಿತೇ ಎಂದು ಕೇಳಲು ಫೋನ್ ಮಾಡಿದೆ. ಮುಟ್ಟಿರಲಿಲ್ಲ. ಕಿಟಕಿಗೆ ಹೋಗಿ ಕಳಿಸಿದೆ, ಫೋನ್ ಮಾಡಿದೆ. ಮಾಳಿಗೆ ಹತ್ತಿ ಕಳಿಸಿದೆ, ಮತ್ತೆ ಫೋನ್ ಮಾಡಿದೆ.

"ಏನ್ರೀ, ಫೋನ್ ಇಲ್ದ ಮಾತಾಡೋ ಡಬ್ಬಿ ಅಂದ್ರಿ. ಇದು ಬಂದಾಗಿಂದ ಫೋನ ಭಾಳ ಆಗ್ಯಾವಲ್ರಿ!" ಎಂದಳು.

೨. ಗುಟ್ಟಿನ ಭಾಷೆ

ಎತ್ತರದಲ್ಲೊಂದು ಡಬ್ಬಿ ಬೇಕೆಂದು ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ, ನೀರಿನ ಟ್ಯಾಂಕಿನ ಪಕ್ಕ ಮೂರನೆಯದನ್ನು ಕಟ್ಟಿದೆ. ಮರುದಿನವೇ ಕಾರ್ಖಾನೆಗೆ "ಊಟ ಆತು" ಎಂಬ ಉತ್ತರ ಬಂತು. ಖುಷಿಗೆ ಪಕ್ಕದ ಮೇಜಿನವರಿಗೆಲ್ಲ ತೋರಿಸಿದೆ.

ಸಂಜೆ ಮನೆಗೆ ಬಂದರೆ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಬಾಗಿಲಲ್ಲಿ ನಿಂತಿದ್ದರು. ರಿಟೈರಾದವರು, ಅಪ್ಪಟ ತೆಲುಗಿನವರು. "ಪೈನ ಅದಿ ಏಂಟಂಡಿ?" ಎಂದು ಮೇಲೆ ಕಟ್ಟಿದ್ದು ಏನೆಂದು ಕೇಳಿದರು. ವಿವರಿಸಿದೆ. ಭಾನುವಾರದ ಮೀಟಿಂಗಿನಲ್ಲಿ ತೀರ್ಮಾನ, ಕೆಲಸಕ್ಕೆ ಬಾರದ್ದಾದರೆ ಕಿತ್ತುಹಾಕಬೇಕು, ಅಲ್ಲಿಯವರೆಗೆ ತಮಗೂ ಒಂದು ಡಬ್ಬಿ ಕೊಟ್ಟರೆ ಪರೀಕ್ಷೆ ಮಾಡುವುದಾಗಿ ಹೇಳಿದರು. ಟೆರೇಸಿನ ಡಬ್ಬಿ ಹೋದರೆ ನನ್ನ ಆಟವೇ ಮುಗಿದಂತೆ. ನನ್ನ ಹತ್ತಿರ ಮಿಕ್ಕಿದ್ದ ನಾಲ್ಕನೆಯದನ್ನು ಕೂಡಲೇ ಅವರ ಫೋನಿಗೆ ಜೋಡಿಸಿಕೊಟ್ಟೆ.

"ನಮ್ಮ ಮಾತೆಲ್ಲಾ ಅವರಿಗೂ ಕಾಣತಾವಲ್ರಿ?" ಎಂದಳು ಹೆಂಡತಿ.

"ಕಾಣಲಿ ಬಿಡು. ಕನ್ನಡದಾಗ ಬರೀತೀವಲ್ಲ!"

ಈ ತೆಲುಗು ಊರಿನಲ್ಲಿ ಇಷ್ಟು ವರ್ಷವೂ ನಮಗೆ ಕನ್ನಡವೇ ಬಚಾವು. ಹಿಮಾಯತ್‌ನಗರದ ಅಂಗಡಿಯವನ ಎದುರಿಗೇ "ಬ್ಯಾಡ, ಸೀರಿ ಬಣ್ಣ ಬಿಡತೈತಿ" ಎಂದು ನಗುನಗುತ್ತ ಹೇಳಿ ಎದ್ದು ಬಂದವರು ನಾವು.

೩. ಹೋಳಿಗೆ

ಶನಿವಾರ ಕಾರ್ಖಾನೆಯಲ್ಲಿ ಕೂತರೂ ನನಗೆ ಮೀಟಿಂಗಿನದೇ ಚಿಂತೆ.

"ಮುದುಕ ಏನಂತಾನ?" ಎಂದು ಬರೆದೆ.

"ಮಾರಿ ಗಂಟ ಹಾಕ್ಕೊಂಡು ತಿರಗಾಕತ್ತಾನ," ಎಂದು ಹೆಂಡತಿಯ ಉತ್ತರ.

"ಶೇಂಗಾ ಹೋಳಿಗಿ ಕೊಟ್ಟು ನೋಡು. ತಿಂಡಿಪೋತ, ಕರಗತಾನ."

"ನಿನ್ನಿವು ಉಳದಾವ. ಅವನ್ನ ಕೊಡತೀನಿ."

ಆಮೇಲೆ ಸೆಕ್ರೆಟರಿಯವರ ಡಬ್ಬಿಯಿಂದ ಒಂದು ಮೆಸೇಜು ಬಂತು. ಕನ್ನಡದಲ್ಲಿ.

"ರಾಯಚೂರಾಗ ಇಪ್ಪತ್ತು ವರ್ಷ ನೌಕರಿ ಮಾಡೀನ್ರಿ. ಶೇಂಗಾ ಹೋಳಿಗಿ ನಿನ್ನಿವಾದ್ರೂ ನಡೀತೈತಿ. ತುಪ್ಪ ಜಾಸ್ತಿ ಇರ್ಲಿ."

ನಾನು ಬರೆದದ್ದನ್ನೆಲ್ಲ ಮೇಲಿನಿಂದ ಮತ್ತೊಮ್ಮೆ ಓದಿಕೊಂಡೆ. ಹೆಂಡತಿಯಂತೂ ಹಳೆಯವನ್ನು ಬದಿಗಿಟ್ಟು ಹೊಸದಾಗಿ ಹೂರಣ ಕುಟ್ಟಲು ಕೂತಳಂತೆ.

ಭಾನುವಾರ ಮೀಟಿಂಗಿನಲ್ಲಿ ತಲೆ ತಗ್ಗಿಸಿ ಕೂತೆ. ಸೆಕ್ರೆಟರಿ ಎದ್ದು ನಿಂತು, ಡಬ್ಬಿ ಚೆನ್ನಾಗಿ ಕೆಲಸ ಮಾಡುತ್ತದೆ, ತಾವೇ ಪರೀಕ್ಷಿಸಿದ್ದಾಗಿದೆ, ಅಲ್ಲೇ ಇರಲಿ ಎಂದು ತೆಲುಗಿನಲ್ಲಿ ಎಲ್ಲರಿಗೂ ಹೇಳಿದರು. ನನಗೆ ಹೋದ ಜೀವ ಬಂತು. ಕೂರುವ ಮುನ್ನ ಅವರು ನನ್ನ ಕಡೆ ಬಗ್ಗಿ, ಮೆಲ್ಲಗೆ ಕನ್ನಡದಲ್ಲಿ ಅಂದರು:

"ತಿಂಡಿಪೋತ ಅಂದದ್ದು ಖರೆ ಐತ್ರಿ. ಮುದುಕ ಅಂದದ್ದಷ್ಟ ವಾಪಸ್ ತಗೋರಿ."