ಬಿಲ್ಲಿಗೆಂದು ತಂದ ಬಿದಿರು

ಶಾಂತಾರಾಮ ಆ ದಿನ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ, "ಎಷ್ಟು ಬಗ್ಗಿಸಿದರೂ ಮುರಿಯದ ಕಟ್ಟಿಗೆ ಯಾವುದು?" ಎಂದು ಕೇಳಬಾರದಿತ್ತು.

ಅವನು ಸಿದ್ದಾಪುರದ ಹೈಸ್ಕೂಲೊಂದರ ಗುಮಾಸ್ತ. ದಿನಾ ಕೋಲಸಿರ್ಸಿಯಿಂದ ಬಸ್ಸಿನಲ್ಲಿ ಬಂದು ಹೋಗುವವನು. ಹುಟ್ಟಿದ್ದು ಬೆಳೆದದ್ದು ಇಲ್ಲೇ ಆದ್ದರಿಂದ ಅವನಿಗೆ ತಿಳಿದಿರಬೇಕಿತ್ತು: ಈ ಸೀಮೆಯಲ್ಲಿ ಮನುಷ್ಯ ತನ್ನ ಅಳಿಯನ ಬಗ್ಗೆ ಅಭಿಪ್ರಾಯವಿಲ್ಲದೆ ಬದುಕಬಹುದು, ಕಟ್ಟಿಗೆಯ ಬಗ್ಗೆ ಅಭಿಪ್ರಾಯವಿಲ್ಲದೆ ಬದುಕುವ ಹಾಗಿಲ್ಲ.

"ತಡಸಲು," ಎಂದ ಡ್ರಾಯಿಂಗ್ ಮಾಸ್ತರ ಉದಯ, ಬಾಯಲ್ಲಿದ್ದ ಬಿಸ್ಕತ್ತು ನುಂಗುವ ಮೊದಲೇ. "ತಡಸಲು ಬಿಟ್ರೆ ಮತ್ತೊಂದಿಲ್ಲೆ. ನಮ್ಮನೆ ಅಜ್ಜನ ಗಾಡಿ ಮೂಕಿ ತಡಸಲಿಂದು. ಅಜ್ಜ ಹೋದ, ಎತ್ತು ಹೋತು, ಗಾಡಿ ಹೋತು, ಮೂಕಿ ಹಾಂಗೇ ಇದ್ದು."

"ಎಂತ ತಡಸಲು? ಅಡಕೆ ಮರದ ದಬ್ಬೆ!" ಎಂದು ಲಕ್ಷ್ಮೀ ಟೀಚರು ಲೋಟವನ್ನು ಮೇಜಿಗೆ ಕುಟ್ಟಿದರು. "ನಮ್ಮನೆ ಹಳ್ಳಕ್ಕೆ ದಬ್ಬೆಯ ಸಂಕ ಹಾಕಿದ್ದು. ಆನು ದಿನಾ ದಾಟ್ತೆ. ಬಗ್ಗ್ತು, ಮುರೀತಿಲ್ಲೆ. ಇದಕ್ಕಿಂತ ಸಾಕ್ಷಿ ಬೇಕಾ?"

ಟೀಚರನ್ನು ಒಮ್ಮೆ ಪೂರ್ತಿಯಾಗಿ ನೋಡಿದ ಮೇಲೆ ಆ ಸಾಕ್ಷಿಯನ್ನು ಅಲ್ಲಗಳೆಯುವ ಧೈರ್ಯ ಯಾರಿಗೂ ಬರಲಿಲ್ಲ. ಉದಯ ಮಾತ್ರ ತಡಸಲಿನಿಂದ ಕದಲಲಿಲ್ಲ. ಬೆಲ್ ಹೊಡೆದರೂ ಇಬ್ಬರೂ ಏಳಲಿಲ್ಲ. ಕೊನೆಗೆ ಉದಯನಿಗೆ ಮೂಲ ಪ್ರಶ್ನೆ ನೆನಪಾಯಿತು.

"ಅಲ್ಲಾ, ನಿಂಗೆ ಎಂತಕ್ಕೆ ಕಟ್ಟಿಗೆ?"

"ಸುಮ್ನೆ."

"ಸುಮ್ನೆ ಕಟ್ಟಿಗೆ ವಿಚಾರ್ಸೋರು ಫಾರೆಸ್ಟಿನವ್ವು ಮಾತ್ರ. ಎಂತಕ್ಕೆ ಹೇಳು, ಆನೇ ನೋಡಿ ತಂದು ಕೊಡ್ತೆ."

ತಂದು ಕೊಡುತ್ತೇನೆ ಎಂಬ ಮಾತಿಗೇ ಶಾಂತಾರಾಮ ಹೆದರುತ್ತಿದ್ದದ್ದು.

ವಿಷಯ ಇಷ್ಟೇ. ಹಿಂದಿನ ವಾರ ಅವನು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದ. ಗಡ್ಡದವನೊಬ್ಬ ಯಾವುದೋ ದೇಶದ ಕಾಡಿಗೆ ಹೋಗಿ, ಒಂದು ಕಟ್ಟಿಗೆ ಆರಿಸಿ ತಂದು, ಕೆತ್ತಿ, ಹೆದೆಯೇರಿಸಿ, ಆಳೆತ್ತರದ ಬಿಲ್ಲು ಮಾಡಿ ಬಾಣ ಬಿಟ್ಟಿದ್ದ. ಬಾಣ ಎಲ್ಲಿ ಹೋಗಿ ನಾಟಿತು ಎಂಬುದನ್ನು ಶಾಂತಾರಾಮ ಗಮನಿಸಲಿಲ್ಲ. ಅವನ ಕಣ್ಣಿಗೆ ಬಿದ್ದದ್ದು ಒಂದೇ. ಆ ಗಡ್ಡದವನು ಕಟ್ಟಿಗೆ ಆರಿಸುವಾಗ ಪಕ್ಕದಲ್ಲಿ ಯಾರೂ ಇರಲಿಲ್ಲ.

ಶಾಂತಾರಾಮನ ಪಕ್ಕದಲ್ಲಿ ಯಾವಾಗಲೂ ಯಾರೋ ಇದ್ದರು. ಕಾಲೇಜಿನಲ್ಲಿ ಯಾವ ವಿಷಯ ಓದಬೇಕೆಂದು ದೊಡ್ಡಪ್ಪ ಆರಿಸಿದ್ದ, ನೌಕರಿಯನ್ನು ಸೋದರಮಾವ. ಹೆಂಡತಿ ಚೇತನಾಳನ್ನು ಹೆಗಡೆಕಟ್ಟಾದ ಅತ್ತೆ ನೋಡಿ, ಒಪ್ಪಿ, ಆಮೇಲೆ ಅವನಿಗೆ ತಿಳಿಸಿದ್ದಳು. ಮೀಸೆ ಬೋಳಿಸಿದ್ದು ಚೇತನಾಳ ತೀರ್ಮಾನ. ಮೂಗಿನ ಮೇಲಿನ ಕನ್ನಡಕದ ಚೌಕಟ್ಟು ಉದಯನ ಆಯ್ಕೆ. ಅದು ಉದಯನ ಮುಖಕ್ಕೆ ಚೆನ್ನಾಗಿ ಒಪ್ಪುತ್ತಿತ್ತು. ಸಾಯುವುದರೊಳಗೆ ಒಂದೇ ಒಂದು ವಸ್ತುವನ್ನು, ಯಾರನ್ನೂ ಕೇಳದೆ, ತಾನೇ ನೋಡಿ, ತಾನೇ ಆರಿಸಿ, ತಾನೇ ಮನೆಗೆ ಹೊತ್ತು ತರಬೇಕು ಎಂದು ಅವನು ನಿಶ್ಚಯಿಸಿದ್ದ. ಬಿಲ್ಲು ಒಂದು ನೆಪ.

ಅವನು 'ಮನೆಯಲ್ಲಿ ಕೆಲಸವಿದೆ' ಎಂದು ಅರ್ಧ ದಿನದ ರಜೆ ಬರೆದುಕೊಟ್ಟು ಹಿಂಬಾಗಿಲಿನಿಂದ ಹೊರಬಿದ್ದ.

ಪೇಟೆಯ ಅಂಚಿನಲ್ಲಿ ಬಷೀರನ ಕಟ್ಟಿಗೆ ಅಡ್ಡೆ. ಬಷೀರ್ ಮೂಲತಃ ಶಿರಸಿಯ ಲಾರಿ ಮನೆತನದವನು. ಲಾರಿ ಮಾರಿ ಕಟ್ಟಿಗೆ ಹಿಡಿದವನು. ಮಾತಿಗೆ ನಿಂತರೆ ಗಿರಾಕಿ ಬಂದ ಕೆಲಸ ಮರೆಯಬೇಕು. ಶಾಂತಾರಾಮ ತುಟಿ ಬಿಗಿಹಿಡಿದು ಒಳಗೆ ಹೋದ.

ತೇಗದ ಹತ್ತಿರ ನಿಂತ. ದೊಡ್ಡಪ್ಪ ತೇಗದ ಭಕ್ತ, ಬೇಡ. ಹಲಸು ಸೋದರಮಾವನ ಪಕ್ಷ. ಮತ್ತಿ ಎಂದರೆ ಹೆಗಡೆಕಟ್ಟಾದ ಅತ್ತೆಗೆ ಪ್ರಾಣ. ತಡಸಲು ಉದಯನದ್ದಾಯಿತು, ದಬ್ಬೆಯ ಮೇಲೆ ಆಗಲೇ ಲಕ್ಷ್ಮೀ ಟೀಚರು ನಿಂತಾಗಿದೆ. ಹೀಗೆ ಒಬ್ಬೊಬ್ಬರನ್ನೇ ದಾಟುತ್ತ ಅವನು ಅಡ್ಡೆಯ ಕೊನೆಯ ಮೂಲೆ ಮುಟ್ಟಿದ. ಅಲ್ಲಿ ಬಿದಿರಿತ್ತು. ಬಿದಿರನ್ನು ಅವನಿಗೆ ಯಾರೂ ಇದುವರೆಗೆ ಶಿಫಾರಸು ಮಾಡಿರಲಿಲ್ಲ!

ಒಣಗಿದ್ದೂ ಇತ್ತು, ಹಸಿಯದೂ ಇತ್ತು. ಚೆನ್ನಾಗಿ ಒಣಗಿದ್ದನ್ನೇ ಆರಿಸಿ ಎಂದು ವಿಡಿಯೋದ ಗಡ್ಡದವನು ಹೇಳಿದ್ದ. ಹೇಳಿದ್ದು ನೆನಪಾದದ್ದೇ ಶಾಂತಾರಾಮನಿಗೆ ಸಿಟ್ಟು ಬಂತು. ಇವನ್ಯಾರು ನನಗೆ ಹೇಳಲಿಕ್ಕೆ? ಹಸಿ ಬಿದಿರೊಂದನ್ನು ಎತ್ತಿ ನಿಲ್ಲಿಸಿ ಬಗ್ಗಿಸಿದ. ಅದು ಹೊಸ ಸೊಸೆಯ ಹಾಗೆ ಬಗ್ಗಿತು. ಹಸಿ ಬಿದಿರು ಯಾರ ಕೈಯಲ್ಲೂ ಬಗ್ಗುತ್ತದೆ, ಅದರಲ್ಲಿ ವಿಶೇಷವಿಲ್ಲ. ಆದರೆ ಶಾಂತಾರಾಮನ ಕೈಯಲ್ಲಿ ಈವರೆಗೆ ಯಾವುದೂ ಬಗ್ಗಿರಲಿಲ್ಲವಾದ್ದರಿಂದ ಅವನ ಕಣ್ಣು ತುಂಬಿತು.

"ಎರಡು ಕೊಡು," ಎಂದ. ಹೊಸಬರ ಮೊದಲ ಬಿಲ್ಲು ಮುರಿದೇ ಮುರಿಯುತ್ತದೆ ಎಂಬ ಗಡ್ಡದವನ ಮಾತನ್ನು ಮಾತ್ರ ಅವನು ನಂಬಿದ್ದ.

ಬಷೀರ್ ಒದ್ದೆಯಾದ ಆ ಕಣ್ಣುಗಳನ್ನು ನೋಡಿದ. ಎರಡು ಬಿದಿರು. ಎರಡೂ ಹಸಿಯವು. ಯಾಕೆ ಎಂದು ಹೇಳುತ್ತಿಲ್ಲ, ಚೌಕಾಸಿ ಮಾಡುತ್ತಿಲ್ಲ. ಬಷೀರನ ಜನ್ಮದಲ್ಲಿ ಚೌಕಾಸಿ ಮಾಡದ ಗಿರಾಕಿಗಳು ಒಂದೇ ಥರದವರು: ಮನೆಯಲ್ಲಿ ಹೆಣ ಇಟ್ಟುಕೊಂಡು ಚಟ್ಟಕ್ಕೆ ಬಿದಿರು ಒಯ್ಯಲು ಬಂದವರು. ಅವರನ್ನು ಯಾರೂ ಏನೂ ಕೇಳುವುದಿಲ್ಲ. ಹೋಗಿ ಬನ್ನಿ ಎಂದೂ ಹೇಳುವುದಿಲ್ಲ. ಇದು ಶಾಂತಾರಾಮನಿಗೂ ಚೆನ್ನಾಗಿ ಗೊತ್ತಿತ್ತು. ಆದರೆ ಆ ಹೊತ್ತಿಗೆ ಅವನು ಕೋಲಸಿರ್ಸಿಯವನಾಗಿರಲಿಲ್ಲ, ಗಡ್ಡದವನಾಗಿದ್ದ.

ಬಷೀರ್ ಸದ್ದಿಲ್ಲದೆ ಬಿದಿರನ್ನು ಅವನು ತೋರಿಸಿದಲ್ಲಿಗೆ ಕೊಯ್ದ. ತಾನಾಗಿಯೇ ಒಂದು ಸುರುಳಿ ಕತ್ತದ ಹಗ್ಗ ತಂದು ಮೇಲಿಟ್ಟ.

ಹಗ್ಗ ಬೇಕಾಗುತ್ತದೆಂದು ಇವನಿಗೆ ಹೇಗೆ ತಿಳಿಯಿತು ಎಂದು ಶಾಂತಾರಾಮ ಬೆರಗಾದ. ಇವನೂ ಗುಟ್ಟಿನಲ್ಲಿ ಬಿಲ್ಲು ಮಾಡುವವನಿರಬೇಕು.

"ಬಷೀರಣ್ಣ, ಯಾರಿಗೂ ಹೇಳೂದು ಬೇಡ."

"ಹೇಳದೆ ಹೆಂಗಾಗ್ತದೆ ಸಾರ್? ನಾಲ್ಕು ಜನ ಬೇಕಲ್ಲ."

"ನಾಲ್ಕು ಜನ ಯಾಕೆ? ನಾನೊಬ್ಬನೇ ಸಾಕು."

ದುಃಖದಲ್ಲಿ ಮನುಷ್ಯ ಹೀಗೂ ಮಾತಾಡುತ್ತಾನೆ ಎಂದು ಬಷೀರ್ ತಲೆ ತಗ್ಗಿಸಿದ. ಗೂಡ್ಸ್ ರಿಕ್ಷಾದಲ್ಲಿ ಕಳಿಸುತ್ತೇನೆ ಎಂದ. ಶಾಂತಾರಾಮ ಒಪ್ಪಲಿಲ್ಲ. ಎರಡೂ ಬಿದಿರನ್ನು ಹೆಗಲಿಗೇರಿಸಿ ಹೊರಟ.

ಅವನು ತಿರುವು ದಾಟಿದ ಮೇಲೆ ಬಷೀರ್ ಶಾಲೆಗೆ ಒಂದು ಫೋನ್ ಮಾಡಿದ.

ಬಸ್ಸಿನ ಕಂಡಕ್ಟರ್ ಬಿದಿರನ್ನು ನೋಡಿ ಬಾಗಿಲು ಹಾಕಿಕೊಂಡ. ಶಾಂತಾರಾಮ ನಡೆದೇ ಹೋದ. ಅಂಥ ನಡಿಗೆಯನ್ನು ಅವನು ಜೀವಮಾನದಲ್ಲಿ ನಡೆದಿರಲಿಲ್ಲ. ಎದುರಿಗೆ ಬಂದವರು ದಾರಿ ಬಿಟ್ಟು ಗದ್ದೆಯ ಬದಿಗೆ ಇಳಿದರು. ಗೂಡಂಗಡಿಯವನು ಹಾಡು ನಿಲ್ಲಿಸಿದ. ಲೋಕದ ಸುದ್ದಿಯೆಲ್ಲ ಬೇಕಾದ ಪೋಸ್ಟ್‌ಮನ್ ಕೂಡ ಸೈಕಲ್ಲಿಂದಿಳಿದು ಸುಮ್ಮನೆ ನಿಂತ. 'ಎಂತ ತಗಂಡು ಹೋಗ್ತಾ ಇದ್ದೆ?' ಎಂದು ಒಬ್ಬರೂ ಕೇಳಲಿಲ್ಲ. ಸ್ವಂತ ಬುದ್ಧಿಯಿಂದ ವಸ್ತು ಆರಿಸಿದವನ ಮುಖದಲ್ಲಿ ಅಂಥದೊಂದು ತೇಜಸ್ಸು ಬರುತ್ತದೆ ಎಂದು ಶಾಂತಾರಾಮ ಅರ್ಥಮಾಡಿಕೊಂಡ. ಎದೆಯುಬ್ಬಿಸಿದ. ಹಿಂದಿನಿಂದ ಉದಯನ ಬೈಕು ಬಂತು. ಹಿಂದೆ ಲಕ್ಷ್ಮೀ ಟೀಚರು ಕೂತಿದ್ದರು. ಬೈಕು ಅವನ ಹತ್ತಿರ ನಿಧಾನವಾಯಿತು, ಇಬ್ಬರೂ ಅವನನ್ನು ನೋಡಿದರು, ಏನೂ ಹೇಳದೆ ಮುಂದೆ ಹೋದರು. ತಡಸಲು ಎನ್ನಲಿಲ್ಲ, ದಬ್ಬೆ ಎನ್ನಲಿಲ್ಲ!

ಮನೆ ಮುಟ್ಟುವಾಗ ಅಂಗಳದ ತುಂಬ ಜನ. ಶಾಲೆಗೆ ರಜೆ ಕೊಟ್ಟಾಗಿತ್ತು. ಬಷೀರನ ಗೂಡ್ಸ್ ರಿಕ್ಷಾ ಒಂದು ಹೊರೆ ಮಾವಿನ ಕಟ್ಟಿಗೆಯನ್ನು ಹೊತ್ತು ಗೇಟಿನಲ್ಲಿ ನಿಂತಿತ್ತು. ಚೇತನಾ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು.

"ಅಪ್ಪ ಬೆಳಿಗ್ಗೆ ಎಂಟು ದೋಸೆ ತಿಂದಿದ್ದ," ಎನ್ನುತ್ತಿದ್ದಳು. "ಚಟ್ನಿ ಸಾಲ್ತಿಲ್ಲೆ ಹೇಳಿದ. ಆನು ಮತ್ತೆ ಬೀಸಿದ್ನಿಲ್ಲೆ."

ಚೇತನಾಳ ಅಪ್ಪ ನಾಗಪತಿಯವರು ಕಣ್ಣಿನ ಆಪರೇಷನ್ನಿಗೆಂದು ಬನವಾಸಿಯಿಂದ ಬಂದು ಮಗಳ ಮನೆಯಲ್ಲಿದ್ದರು. ಊಟವಾದ ಮೇಲೆ ಕೋಣೆಯ ಬಾಗಿಲು ಹಾಕಿ ಮಲಗುವುದು ಅವರ ಪದ್ಧತಿ. ಇವತ್ತೂ ಹಾಗೆ ಮಲಗಿದ್ದಾಗ ಲಕ್ಷ್ಮೀ ಟೀಚರು ಬಂದು ಚೇತನಾಳನ್ನು ತಬ್ಬಿಕೊಂಡು, ನಿನ್ನ ಗಂಡ ಬಿದಿರು ಹೊತ್ತು ಬರುತ್ತಿದ್ದಾನೆ ಎಂದಿದ್ದರು. ಚೇತನಾ ಕೋಣೆಯ ಬಾಗಿಲು ತೆರೆದು ನೋಡಲಿಲ್ಲ. ನೋಡುವ ಅಗತ್ಯವೇ ಕಾಣಲಿಲ್ಲ. ಕಾರಣವಿಲ್ಲದೆ ತಾನಾಗಿ ಏನನ್ನಾದರೂ ತರುವ ಪೈಕಿಯವನಲ್ಲ ತನ್ನ ಗಂಡ.

"ಯಾರು ಹೋದ್ರು?" ಎಂದು ಶಾಂತಾರಾಮ ಗಾಬರಿಯಿಂದ ಕೇಳಿದ.

"ಪಾಪ," ಎಂದರು ಯಾರೋ. "ದುಃಖ ತಲೆಗೆ ಹೋಗಿಬಿಟ್ಟಿದೆ. ಕೂರಿಸಿ ಅವನನ್ನ."

ಆಗ ಕೋಣೆಯ ಬಾಗಿಲು ತೆರೆಯಿತು. ನಾಗಪತಿಯವರು ದೀಪದ ಕಂಬದಂಥ ಆಳು. ದಾರಂದಕ್ಕೆ ತಲೆ ತಾಗದಂತೆ ಬಗ್ಗಿ ಹೊರಗೆ ಬಂದು, ಕಪ್ಪು ಕನ್ನಡಕ ಸರಿಮಾಡಿಕೊಂಡರು.

"ತಂಗೀ, ಚಾ ಆಯ್ದಾ?"

ಚೇತನಾಳ ಅಳು ಅರ್ಧಕ್ಕೆ ಸಿಕ್ಕಿಕೊಂಡಿತು. ಉದಯ ಮೊಬೈಲನ್ನು ಬೆನ್ನ ಹಿಂದೆ ಅಡಗಿಸಲು ನೋಡಿದ. ನಾಗಪತಿಯವರು ಅದನ್ನು ಕಸಿದುಕೊಂಡು ಮೂಗಿನ ಹತ್ತಿರ ಹಿಡಿದರು. ಅವರದೇ ಫೋಟೋ, ಸುತ್ತ ಹಾರ, ಕೆಳಗೆ ಸ್ಟಾಫ್ ಗ್ರೂಪಿನವರೆಲ್ಲರ ಮುಗಿದ ಕೈಗಳು.

"ಫೋಟೋ ಚೊಲೋ ಬೈಂದು," ಎಂದರು. "ಎಂತ ಆತು ಈಗ?"

ಎಲ್ಲರೂ ಏಕಕಾಲಕ್ಕೆ ಹೇಳಿದರು. ಹೇಳಿ ಮುಗಿಸಿದ ಮೇಲೆ ಎಲ್ಲರೂ ಶಾಂತಾರಾಮನ ಕಡೆ ತಿರುಗಿದರು. ಬದುಕಿರುವ ನಾಗಪತಿಯವರ ಮೇಲೆ ಸಿಟ್ಟು ಮಾಡುವಂತಿರಲಿಲ್ಲ.

"ಮತ್ತೆ ಈ ಬಿದಿರು ಯಾರಿಗೋ?" ಎಂದು ಉದಯ ಗದರಿದ.

"ಬಿಲ್ಲು ಮಾಡಲಿಕ್ಕೆ," ಎಂದ ಶಾಂತಾರಾಮ.

ಸಾವಿನ ಸುದ್ದಿಗೂ ಆ ಅಂಗಳ ಅಷ್ಟು ಮೌನವಾಗಿರಲಿಲ್ಲ.

"ಬಿಲ್ಲಿಗೆ ಬಿದಿರಾ?" ಎಂದರು ಲಕ್ಷ್ಮೀ ಟೀಚರು. "ಅದೂ ಹಸಿ ಬಿದಿರಾ?"

ಆಮೇಲೆ ಕಟ್ಟೆಯೊಡೆಯಿತು. ತಡಸಲು ಎಂದರು, ದಬ್ಬೆ ಎಂದರು. ಬಗನಿ ಮರವೆಂದು ಹಿತ್ತಲ ಕಡೆಯಿಂದ ಹೊಸದೊಂದು ಪಕ್ಷ ಎದ್ದಿತು. ಬಷೀರ್ ರಿಕ್ಷಾದ ಮೇಲೆ ಹತ್ತಿ, ಬಿಲ್ಲಿಗೆಂದು ಮೊದಲೇ ಹೇಳಿದ್ದರೆ ತಾನು ಹಸಿಯದನ್ನು ಕೊಡುತ್ತಿರಲಿಲ್ಲ ಎಂದು ಆಣೆ ಹಾಕಿದ. "ಒಂದು ಮಾತು ಕೇಳಲಾಗಿತ್ತಿಲ್ಯಾ?" ಎಂದು ಚೇತನಾ ಗಂಡನನ್ನು ಕೇಳಿದಳು. ಉದಯ ಆಗಲೇ ಬೈಕಿನ ಕೀಲಿ ತೆಗೆದಿದ್ದ. ಈಗಿಂದೀಗ ತಡಸಲು ತಂದು, ಸಂಜೆಯೊಳಗೆ ತಾನೇ ಬಿಲ್ಲು ಮಾಡಿಕೊಡುವವನಿದ್ದ.

ಶಾಂತಾರಾಮ ಬಿದಿರನ್ನು ಎದೆಗೆ ಅವುಚಿಕೊಂಡ. "ಇದನ್ನ ನಾನು ಆರಿಸಿದ್ದು," ಎಂದ. ಯಾರಿಗೂ ಕೇಳಲಿಲ್ಲ. ಇನ್ನೊಮ್ಮೆ ಕೂಗಿ ಹೇಳಿದ. "ನಾನೇ ಆರಿಸಿದ್ದು! ಇದೇ ಬೇಕು ನಂಗೆ!"

ನಾಗಪತಿಯವರು ಕೈ ಎತ್ತಿದರು. ಅಂಗಳ ತಣ್ಣಗಾಯಿತು.

"ಅವ ಹೇಳೂದು ಸರಿ ಇದ್ದು. ತಡಸಲೂ ಬೇಡ, ಗಿಡಸಲೂ ಬೇಡ." ಶಾಂತಾರಾಮನಿಗೆ ಮಾವನ ಕಾಲು ಮುಟ್ಟಬೇಕೆನ್ನಿಸಿತು. "ಆದ್ರೆ ಇದು ಬಿಲ್ಲಾಗ್ತಿಲ್ಲೆ. ಊರೆಲ್ಲ ದಾರಿ ಬಿಟ್ಟಿದ್ದು, ಮಗಳು ಅತ್ತಿದ್ದು. ಚಟ್ಟಕ್ಕೆ ಹೇಳಿ ಬಾಗಿಲಿಗೆ ಬಂದ ಬಿದಿರನ್ನ ಆಟದ ಸಾಮಾನು ಮಾಡಲಾಗ. ತಿರುಗಿ ಕೊಡಲೂ ಆಗ. ಅಲ್ದನೋ ಬಷೀರಾ?"

"ತೋಬಾ, ಅದು ವಾಪಸ್ ತಗೊಳ್ಳೋ ಸಾಮಾನೇ ಅಲ್ಲ ಅಜ್ಜಾರೇ."

"ಹಾಂಗಾದ್ರೆ ಅಟ್ಟದ ಮೇಲೆ ಇರಲಿ. ನಂಗೆ ಎಂದಾದ್ರೂ ಬೇಕೇ ಬೇಕಲಿ."

ಹೀಗೆ ಹೇಳಿ ಅವರು ಬಿದಿರನ್ನು ಅಳಿಯನ ಕೈಯಿಂದ ತೆಗೆದು, ನೆಲಕ್ಕೆ ಊರಿ, ಪಕ್ಕದಲ್ಲಿ ನೆಟ್ಟಗೆ ನಿಂತರು. ತುದಿ ಅವರ ಹುಬ್ಬಿಗೇ ನಿಂತಿತು. ಇನ್ನೊಂದನ್ನು ನೋಡಿದರು. ಅದೂ ಅಷ್ಟೇ.

"ನಂಗೆ ಸಾಲ್ತಿಲ್ಲೆ. ಇದು ಯಾರ ಅಳತೆಗೆ ಕೊಯ್ಸಿದ್ದು?"

"ನನ್ನದು ಮಾವಾ," ಎಂದ ಶಾಂತಾರಾಮ. "ಬಿಲ್ಲು ಅಂದ್ರೆ ಅವರವರ ಎತ್ತರಕ್ಕೇ..."

ನಾಗಪತಿಯವರು ಬಿದಿರನ್ನು ಅವನ ಪಕ್ಕಕ್ಕೆ ತಂದು ನಿಲ್ಲಿಸಿದರು. ಅಳತೆ ಹೇಳಿ ಮಾಡಿಸಿದಂತಿತ್ತು. ಅಂಗಳದಲ್ಲಿದ್ದವರೆಲ್ಲ ಒಮ್ಮೆ ಬಿದಿರನ್ನು ನೋಡಿದರು, ಒಮ್ಮೆ ಶಾಂತಾರಾಮನನ್ನು ನೋಡಿದರು. ಉದಯ ಮೆಲ್ಲಗೆ ಬೈಕಿನ ಕೀಲಿಯನ್ನು ಕಿಸೆಗೆ ಹಾಕಿದ.

"ಚೊಲೋ ಬಿದಿರು," ಎಂದ, ದನಿ ತಗ್ಗಿಸಿ. "ಆನು ಎಂತೂ ಹೇಳ್ತ್ನಿಲ್ಲೆ."

"ನಂದೂ ಎಂತ ಅಭಿಪ್ರಾಯ ಇಲ್ಲೆ," ಎಂದರು ಲಕ್ಷ್ಮೀ ಟೀಚರು. "ಅದು ಅವರವರ ಸ್ವಂತದ್ದು."

ಬಿದಿರು ಅಟ್ಟಕ್ಕೇರಿತು. ಹುಳ ಹಿಡಿಯದ ಹಾಗೆ ಒಲೆಯ ಹೊಗೆ ತಾಗುವಲ್ಲಿ ಕತ್ತದ ಹಗ್ಗದಿಂದ ಬಿಗಿದರು. ಜನ ಒಬ್ಬೊಬ್ಬರಾಗಿ ಶಾಂತಾರಾಮನ ಭುಜ ತಟ್ಟಿ, ಒಳ್ಳೆಯ ಆಯ್ಕೆ ಎಂದು ಹೇಳಿ ಹೋದರು.

ಎಲ್ಲರೂ ಹೋದ ಮೇಲೆ ಅವನು ಒಂದು ಸ್ಟೂಲು ಹತ್ತಿ ಕೈ ಚಾಚಿದ. ಬಿಲ್ಲಾಗದಿದ್ದರೆ ಬೇಡ, ಇನ್ನೊಮ್ಮೆ ಬಗ್ಗಿಸಿ ನೋಡುವ ಆಸೆ. ಅಪ್ಪನ ಚಹಾ ಲೋಟ ತೊಳೆಯಲು ಬಂದ ಚೇತನಾ ಅವನ ಕಾಲಿಗೆ ಮೆಲ್ಲಗೆ ಹೊಡೆದಳು.

"ಇಳೀರಿ ಕೆಳಗೆ. ಅದು ನಿಮ್ಮದೇ, ಬೇರೆ ಯಾರೂ ಒಯ್ತ್ವಿಲ್ಲೆ. ಗಡಿಬಿಡಿ ಎಂತದು?"