ಖಾಲಿ ಡಬ್ಬಿ ವಾಪಸ್ ಕೊಡಬಾರದು

ದವಾಖಾನ್ಯಾಗ ಯಾರು ಏನು ತಿನ್ನಬೇಕು ಅಂತ ಹೇಳೋದೇ ನನ್ನ ನೌಕರಿ. ಹೇಳಿದಂಗ ಯಾರೂ ತಿನ್ನಂಗಿಲ್ಲ. ಹಿಂಗಾಗಿ ನಗಾಕ ನನಗೇನೂ ಕಡಿಮಿ ಇಲ್ಲ ನೋಡ್ರಿ.

೧. ಹತ್ತು ನೇರಳೆ

ಕಲಬುರಗಿ ಬಾಜೂಕಿನ ನಂದೂರಿನ ದಾಲ್‌ಮಿಲ್‌ನಾಗ ದುಡಿಯೋ ಒಬ್ಬ ಯಜಮಾನರಿಗೆ, "ದಿನಾ ಒಂದು ಬಟ್ಟಲ ಮೊಸರಿಗಿ ಹತ್ತು ನೇರಳೆ ಹಣ್ಣು ಹಾಕ್ಕೊಂಡು ತಿನ್ರಿ" ಅಂದಿದ್ದೆ. ಮರುವಾರ ಗಾಬರಿಯಾಗಿ ಬಂದ್ರು.

"ಮೇಡಂ, ತಪ್ಪಾಗ್ಯಾದ್ರಿ. ನಿನ್ನಿ ಹನ್ನೊಂದು ತಿಂದುಬಿಟ್ಟೀನಿ. ಏನರ ಆಗ್ತದೇನ್ರಿ?"

"ಏನೂ ಆಗಂಗಿಲ್ಲ."

"ಇರ್ಲಿ, ಇವತ್ತು ಒಂಬತ್ತೇ ತಿಂತೀನಿ ಬಿಡ್ರಿ" ಅಂದು ನಿಶ್ಚಿಂತಿಯಿಂದ ಹೋದ್ರು.

೨. ಗುಲಾಬಿ ಮೊಸರು

ಊರಮಂದಿಗೆಲ್ಲ ಹೇಳೋ ನನಗ ಹೆತ್ತವ್ವಗ ನಾಕು ತುತ್ತು ತಿನ್ನಿಸಾಕ ಆಗಲಿಲ್ಲ. ಜ್ವರ ಬಂದು ಸೊರಗಿದ್ದಾಕಿನ್ನ ಕಮಲಾಪುರದ ಅಣ್ಣನ ಮನಿಯಿಂದ ಕಲಬುರಗಿಗಿ ಕರಕೊಂಡು ಬಂದಿದ್ದೆ. ಬಾಯಿಗಿ ಏನೂ ಸೇರವಲ್ದು. "ಎಂಟು ದಿನದಾಗ ತೂಕ ಏರಲಿಲ್ಲಂದ್ರ ಅಡ್ಮಿಟ್ ಮಾಡಬೇಕಾಗ್ತದ" ಅಂದ್ರು ಡಾಕ್ಟರು.

ಜಗತ್ ಸರ್ಕಲ್ ಕಡಿ ಹೋಗಿ ಫ್ರೋಜನ್ ಸ್ಟ್ರಾಬೆರಿ ತಂದು, ಮೊಸರಿನಾಗ ಕಿವುಚಿ ಗಾಜಿನ ಬಟ್ಟಲದಾಗ ಕೊಟ್ಟೆ. ಅವ್ವ ಹೊಳ್ಳಿಸಿ ಹೊಳ್ಳಿಸಿ ನೋಡಿದಳು.

"ಯವ್ವಾ, ಮೊಸರಿಗಿ ಯಾಕ ಲಿಪ್‌ಸ್ಟಿಕ್ ಹಚ್ಚೀದಿ?"

ಆಕಿ ಮುಂದ ನಕ್ಕೆ. ಅಡಗಿ ಮನಿಗಿ ಹೋಗಿ ಅತ್ತೆ.

೩. ಡಬ್ಬಿ

ಮರುದಿನ ಬಾಜೂ ಮನಿ ಖಾಲಾ, ನನಗ ಚಿಗವ್ವ ಇದ್ದಂಗ, ಒಂದು ಸ್ಟೀಲ್ ಡಬ್ಬಿ ತುಂಬ ಮೊಸರು, ನೇರಳೆ ಕಳಿಸಿದ್ರು.

"ಖಾಲಿ ಡಬ್ಬಿ ವಾಪಸ್ ಕೊಡಬಾರದು. ಏನರ ತುಂಬಿ ಕೊಡು" ಅಂದಳು ಅವ್ವ.

"ಮೊದಲ ಇದು ಖಾಲಿ ಆಗಬೇಕಲ್ಲ, ತಿನ್ನು."

ಒಂದು ಚಮಚ ತಿಂದಳು. "ಹುಳಿ ಆಗ್ಯಾದ. ಹೆಪ್ಪು ಹಾಕೋದು ಹೆಂಗಂತ ಆಕಿಗಿ ನಾ ತೋರಸ್ತೀನಿ" ಅಂತ ಹಾಸಿಗಿ ಬಿಟ್ಟು ಎದ್ದಳು. ಬೈಕೋತ ಬೈಕೋತ ಉಳಿದಿದ್ದೂ ತಿಂದಳು. ತಾನೇ ಮೊಸರಿಗಿ ಹೆಪ್ಪು ಹಾಕಿ, ಅಣ್ಣ ಕಳಿಸಿದ್ದ ಕಮಲಾಪುರದ ಕೆಂಪು ಬಾಳೆಹಣ್ಣು ಹೆಚ್ಚಿ ಹಾಕಿ ಕಳಿಸಿದಳು. ಖಾಲಾನ ಮನ್ಯಾಗೂ ಅದೇ ರೂಢಿ. ಡಬ್ಬಿ ತುಂಬಿ ಹೊಳ್ಳಿ ಬಂತು. ಎಂಟು ದಿನ ಹಿಂಗೇ ನಡೀತು. ತೂಕ ಒಂದೂವರಿ ಕಿಲೋ ಏರಿತ್ತು. ನನಗ ಕುಣಿಯೋದೊಂದು ಬಾಕಿ.

"ಖಾಲಾ, ನಮ್ಮ ಸಲುವಾಗಿ ಎಷ್ಟು ತ್ರಾಸ ತಗೊಂಡ್ರಿ" ಅಂದೆ.

"ಅರೆ ಬೇಟಿ, ನಿಮ್ಮವ್ವನ ಮೊಸರು ಭಾಳ ಹುಳಿ. ಕಲಿಸಬೇಕೋ ಬ್ಯಾಡೋ?"

ಮಗಳ ಮನ್ಯಾಗ ಇನ್ನೆಷ್ಟು ದಿನ ಅಂತ ಅವ್ವ ಚೀಲ ಕಟ್ಟಿದಳು. ಆಟೋ ಬಂತು. ಅಷ್ಟರಾಗ ಖಾಲಾ ಓಡಿ ಬಂದು ಅವ್ವನ ಕೈಯಾಗ ಡಬ್ಬಿ ಇಟ್ರು, ತುಂಬಿದ್ದು. ಅವ್ವ ಡಬ್ಬಿ ನೋಡಿದಳು, ನನ್ನ ನೋಡಿದಳು, ಚೀಲ ಕೆಳಗ ಇಟ್ಟಳು.

"ಈಗ ಹೆಂಗ ಹೋಗಲಿ? ಇದನ್ನ ತುಂಬಿ ಕೊಟ್ಟು ನಾಳಿ ಹೋಗ್ತೀನಿ."

ಮೂರು ತಿಂಗಳಾತು. ಅವ್ವ ಯಾವಾಗ ಬರ್ತಾಳ ಅಂತ ಅಣ್ಣ ಫೋನ್ ಮಾಡ್ತಾನ. "ತಡಿಯೋ, ಡಬ್ಬಿ ಸದ್ಯ ನಮ್ಮ ಮನ್ಯಾಗೇ ಅದ" ಅಂತೀನಿ.