ಟೆರೇಸಿಗೆ ಬಂದ ಕಡಲಕಾಗೆಗಳು

ಹೋಟೆಲಿನಲ್ಲಿ ದುಡಿಯುವವನಿಗೆ ಗಿರಾಕಿಗಳ ಜತೆ ಫಜೀತಿ ತಪ್ಪಿದ್ದಲ್ಲ. ನನಗೆ ಹಕ್ಕಿಗಳ ಜತೆಯೂ ತಪ್ಪಲಿಲ್ಲ. ಐರೋಲಿಯಲ್ಲಿ, ಸಮುದ್ರದ ನೀರು ಒಳಬರುವ ಖಾಡಿಯ ಹತ್ತಿರ, ಉಡುಪಿಯವರೊಬ್ಬರ ಹೋಟೆಲಿಗೆ ನಾನು ಮ್ಯಾನೇಜರ್. ಕೆಳಗೆ ಎ.ಸಿ. ಹಾಲ್, ಮೇಲೆ ತೆರೆದ ಟೆರೇಸ್. ಚಳಿಗಾಲ ಬಂತೆಂದರೆ ಖಾಡಿಯ ತುಂಬ ಕಡಲಕಾಗೆಗಳು, ಇಲ್ಲಿಯವರ ಬಾಯಲ್ಲಿ ಸೀಗಲ್. ಮೊದಲೆಲ್ಲ ನೀರಿನ ಮೇಲೆ ಮರ್ಯಾದೆಯಿಂದ ಇದ್ದವು. ಆಮೇಲೆ ಟೆರೇಸಿಗೂ ಬರತೊಡಗಿದವು.

ವಡೆ

ಶುರುವಾದದ್ದು ಒಂದು ಉದ್ದಿನ ವಡೆಯಿಂದ. ಮಹಾಪೆಯ ಆಫೀಸಿಗೆ ಹೋಗುವ ಒಬ್ಬರು ವಡೆಯನ್ನು ಚಟ್ನಿಯಲ್ಲಿ ಅದ್ದಿ ಬಾಯಿಗೆ ಒಯ್ಯುವಷ್ಟರಲ್ಲಿ ಹಿಂದಿನಿಂದ ಬಂದ ಹಕ್ಕಿ ಎಗರಿಸಿಕೊಂಡು ಹೋಯಿತು. ಬೆರಳಿನಲ್ಲಿ ಚಟ್ನಿ ಮಾತ್ರ ಉಳಿಯಿತು. ಪಾಪ ಎಂದು ಬೇರೆ ವಡೆ ಕೊಡಿಸಿದೆ. ಅದೇ ನಾನು ಮಾಡಿದ ತಪ್ಪು. ಮರುದಿನ ಮೂವರ ವಡೆ ಹೋಯಿತು, ಅದರ ಮರುದಿನ ಏಳು ಮಂದಿಯದು. ಎಲ್ಲರಿಗೂ ಕೊಟ್ಟೆ. ಶನಿವಾರ ಒಬ್ಬರು ಖಾಲಿ ಪ್ಲೇಟ್ ಹಿಡಿದು ಕೌಂಟರಿಗೆ ಬಂದರು.

"ಸೀಗಲ್ ಲೇಕೆ ಗಯಾ, ಮ್ಯಾನೇಜರ್ ಸಾಬ್."

"ಕೌನ್ಸಾ ಟೇಬಲ್?"

ಅವರು ಬೆರಳು ತೋರಿಸಿದ್ದು ಎ.ಸಿ. ಹಾಲಿನ ಕಡೆಗೆ.

ಗೂಬೆ

ನಮ್ಮ ಧಣಿಗಳು ಡೊಂಬಿವಲಿಯ ಮಾರ್ಕೆಟಿನಿಂದ ಪ್ಲಾಸ್ಟಿಕ್ ಗೂಬೆಯೊಂದನ್ನು ತಂದರು. ಗಾಳಿಗೆ ಅದರ ತಲೆ ತಿರುಗುತ್ತದೆ.

"ಇದನ್ನು ಕಂಡರೆ ಒಂದೂ ಬರುವುದಿಲ್ಲ ಮಾರಾಯ. ಅಂಗಡಿಯವ ಗ್ಯಾರಂಟಿ ಕೊಟ್ಟಿದ್ದಾನೆ" ಎಂದರು.

ನಿಜವಾಗಿಯೂ ಎರಡು ದಿನ ಯಾರೂ ಬರಲಿಲ್ಲ. ಹಕ್ಕಿಗಳಷ್ಟೇ ಅಲ್ಲ, ಗಿರಾಕಿಗಳೂ. ಬೆಳಿಗ್ಗೆ ಎದ್ದು ಗೂಬೆಯ ಮುಖ ನೋಡುತ್ತ ಇಡ್ಲಿ ತಿನ್ನುವುದಾ ಎಂದು ಕಾಯಂ ಗಿರಾಕಿಗಳು ಎದುರಿನ ಹೋಟೆಲಿಗೆ ಹೋದರು. ಕೊನೆಗೆ ಧಣಿಗಳ ಹೆಂಡತಿ ಬಂದು, "ಗೂಬೆ ಅಂದ್ರೆ ಲಕ್ಷ್ಮಿಯ ವಾಹನ ಅಲ್ವಾ?" ಎಂದು ಅದಕ್ಕೆ ಕುಂಕುಮವಿಟ್ಟು, ದಾಸವಾಳ ಮುಡಿಸಿ, ಮುಂದೆ ಎರಡು ಬಾಳೆಹಣ್ಣು ಇಟ್ಟರು. ಗಿರಾಕಿಗಳು ವಾಪಸ್ ಬಂದು ಕೈಮುಗಿದರು. ಕಡಲಕಾಗೆಗಳೂ ವಾಪಸ್ ಬಂದು, ಗೂಬೆಯ ತಲೆಯ ಮೇಲೆ ಕೂತು ಬಾಳೆಹಣ್ಣು ತಿಂದವು.

ಬೋರ್ಡು

ದಿನಾ ಮೂಲೆಯ ಟೇಬಲಿನಲ್ಲಿ ದೋಸೆ ತಿನ್ನುವ ಧಾರವಾಡದ ನಿವೃತ್ತ ಮಾಸ್ತರರೊಬ್ಬರು ಒಂದು ದಿನ ನನ್ನನ್ನು ಕರೆದು ಕೂರಿಸಿಕೊಂಡರು.

"ಅವು ಕಳ್ಳರಲ್ರೀ. ನಾವೇ ಕಲಿಸೇವಿ. ಖಾಡಿ ದಂಡಿ ಮ್ಯಾಲೆ ನಿಂತು ಮಂದಿ ಶೇವು, ಗಾಠಿಯಾ ತೂರತಾರ. ಮನಷ್ಯಾನ ಕೈ ಅಂದ್ರ ಊಟ ಅಂತ ಅವು ತಿಳ್ಕೊಂಡಾವ. ಹಾಕೂದು ಬಿಡ್ರಿ, ಎಂಜಲ ಪ್ಲೇಟು ಲಗೂನ ಎತ್ರಿ. ತಾವೇ ಮರೀತಾವ."

ಅವರು ಹೇಳಿದಂತೆಯೇ ಮಾಡಿದೆ. ಹಕ್ಕಿಗಳಿಗೆ ಏನೂ ಹಾಕಬೇಡಿ ಎಂದು ಮರಾಠಿ, ಹಿಂದಿ, ಕನ್ನಡದಲ್ಲಿ ಬೋರ್ಡು ಬರೆಸಿದೆ. ತಿಂಡಿಯ ಮೇಲೆ ಮುಚ್ಚಳ ಬಂತು. ಹದಿನೈದು ದಿನದಲ್ಲಿ ಟೆರೇಸಿನಿಂದ ಮುಕ್ಕಾಲು ಹಕ್ಕಿ ಖಾಲಿ. ಆದರೆ ಮೂಲೆಯ ಟೇಬಲಿನ ಹತ್ತಿರ ಮಾತ್ರ ಐದಾರು ಹಕ್ಕಿ ಬಿಡದೆ ಕೂರುತ್ತಿದ್ದವು. ನೀರಿನ ಟಾಂಕಿಯ ಹಿಂದೆ ಅಡಗಿ ನಿಂತು ನೋಡಿದೆ. ಮಾಸ್ತರರು ದೋಸೆ ಮುರಿದು ಮುರಿದು ಎಸೆಯುತ್ತಿದ್ದಾರೆ!

"ಏನು ಮಾಸ್ತರೇ, ನೀವೇ ಹೀಗೆ ಮಾಡಿದರೆ?"

ಅವರು ಸ್ವಲ್ಪವೂ ಅಂಜಲಿಲ್ಲ. "ಪರೀಕ್ಷಾ ತಗೊಳ್ಳಾಕತ್ತೇನ್ರೀ. ಮರತಾವೋ ಇಲ್ಲೋ ನೋಡಬೇಕಲ್ಲ?"

"ಮರೆತವಾ?"

"ಎಲ್ಲಿದು? ಎಲ್ಲಾ ಪಾಸ್!"

ಎಡೆ

ಡಿಸೆಂಬರಿನಲ್ಲಿ ಧಣಿಗಳ ತಂದೆಯ ತಿಥಿ ಬಂತು. ಟೆರೇಸಿನಲ್ಲೇ ಮಾಡಿದರು. ಡೊಂಬಿವಲಿಯಿಂದ ಅವರ ತಂಗಿಯೂ ಬಂದಿದ್ದರು. ಏನೋ ಮಾತಿಗೆ ಮಾತು ಬೆಳೆದು ಅಣ್ಣ ತಂಗಿ ಮಾತಾಡದೆ ಐದು ವರ್ಷವಾಗಿತ್ತು. ಭಟ್ಟರು ಬಾಳೆಲೆಯಲ್ಲಿ ಎಡೆ ಹಾಕಿ ಕಟ್ಟೆಯ ಮೇಲಿಟ್ಟರು. ಕಾಗೆ ಮುಟ್ಟದೆ ಯಾರೂ ಉಣ್ಣುವಂತಿಲ್ಲ.

ಅರ್ಧ ಗಂಟೆಯಾದರೂ ಕಾಗೆಯ ಸುಳಿವಿಲ್ಲ. ಕಾರಣ ನನಗೊಬ್ಬನಿಗೇ ಗೊತ್ತು. ಹಿಂದಿನ ವಾರ ಟೆರೇಸಿನ ಸುತ್ತ ಮಿರಮಿರ ಮಿಂಚುವ ರಿಬ್ಬನ್ ಕಟ್ಟಿಸಿದ್ದೆ. ಕಡಲಕಾಗೆಗಳು ಅದಕ್ಕೆ ಕ್ಯಾರೇ ಅನ್ನಲಿಲ್ಲ. ಊರಕಾಗೆಗಳು ಮಾತ್ರ ಜಾಗ ಬಿಟ್ಟು ಓಡಿದ್ದವು.

"ಕಾ... ಕಾ..." ಎಂದು ಕರೆದು ಕರೆದು ಧಣಿಗಳ ಗಂಟಲು ಕಟ್ಟಿತು.

ಅವರ ತಂಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಯಾರಿಗೂ ಅಲ್ಲವೆಂಬಂತೆ ಹೇಳಿದರು: "ಅಪ್ಪನಿಗೆ ಸಮಾಧಾನ ಇಲ್ಲ. ಅಣ್ಣ ನನ್ನ ಹೊಸಿಲು ಮೆಟ್ಟದೆ ಐದು ವರ್ಷ ಆಯ್ತಲ್ಲ."

ಧಣಿಗಳು ತಲೆ ತಗ್ಗಿಸಿದರು. ಎಲೆಯ ಕಡೆ ತಿರುಗಿ ಕೈಮುಗಿದರು. "ಅಪ್ಪಾ, ಈ ಭಾನುವಾರವೇ ಇವಳ ಮನೆಗೆ ಹೋಗ್ತೇನೆ. ಊಟವನ್ನೂ ಮಾಡ್ತೇನೆ."

ಮಾತು ಮುಗಿದಿತ್ತೋ ಇಲ್ಲವೋ, ದೊಡ್ಡ ಬಿಳಿ ಕಡಲಕಾಗೆಯೊಂದು ಇಳಿದು, ಅನ್ನದ ಉಂಡೆಯನ್ನೇ ಕಚ್ಚಿಕೊಂಡು ಖಾಡಿಯ ಕಡೆ ಹಾರಿತು.

ಎಲ್ಲರೂ ಭಟ್ಟರ ಮುಖ ನೋಡಿದರು. ನನ್ನ ಕೆಲಸ ಹೋಯಿತೆಂದೇ ತಿಳಿದೆ.

"ಭಟ್ರೇ, ಇದು ನಡೀತದಾ?" ಧಣಿಗಳು ಕೇಳಿದರು.

ಭಟ್ಟರಿಗೆ ಘೋಡಬಂದರ್ ರಸ್ತೆಯಲ್ಲಿ ಇನ್ನೊಂದು ತಿಥಿಗೆ ಹೋಗುವ ಅವಸರವಿತ್ತು. "ಹೆಸರಿನಲ್ಲೇ ಕಾಗೆ ಉಂಟಲ್ಲ! ಕಡಲಿನದ್ದಾದರೇನು, ಊರಿನದ್ದಾದರೇನು? ಎಲೆ ಹಾಕಿ" ಎಂದರು.

ಅಣ್ಣ ತಂಗಿ ಒಂದೇ ಸಾಲಿನಲ್ಲಿ ಕೂತರು. ತಂಗಿಯ ಎಲೆಗೆ ಧಣಿಗಳೇ ಪಾಯಸ ಬಡಿಸಿದರು. ಆಗ ತಂಗಿ ನನ್ನನ್ನು ಕೇಳಿದರು: "ಈ ಹಕ್ಕಿ ಚಳಿಗಾಲ ಮುಗಿದ ಮೇಲೆ ಎಲ್ಲಿಗೆ ಹೋಗ್ತದೆ?"

"ಉತ್ತರಕ್ಕೆ, ಅಕ್ಕ. ಲಡಾಖ್ ಕಡೆಗೆ."

ಧಣಿಗಳ ಕೈಯಲ್ಲಿದ್ದ ತುತ್ತು ಎಲೆಗೆ ಬಿತ್ತು.

"ಅಯ್ಯೋ ದೇವರೇ! ಅಪ್ಪನಿಗೆ ಫ್ಯಾನಿನ ಗಾಳಿಯೇ ಆಗ್ತಿರಲಿಲ್ಲ. ಎಡೆಯ ಜತೆ ಒಂದು ಸ್ವೆಟರಾದರೂ ಇಡಬೇಕಿತ್ತಲ್ಲ!"